ಮೂವತ್ತೆಂಟು ಸೆಕೆಂಡಿನ ಫೋನು

ಜೂನ್ 3, ಮಂಗಳವಾರ

ಹೊಸ ಬ್ಯಾಚು ಬಂತು. ಎರಡು ತಿಂಗಳಿಗೊಮ್ಮೆ ಮೆಡಿಕಲ್ ಕಾಲೇಜಿನಿಂದ ನಾಲ್ವರು ಹೌಸ್ ಸರ್ಜನ್‌ಗಳು ಪಾಂಡವಪುರದ ನಮ್ಮ ಟ್ರಸ್ಟ್ ಆಸ್ಪತ್ರೆಗೆ ಬರುತ್ತಾರೆ, ಅವಧಿ ಮುಗಿದ ಮೇಲೆ ಹೋಗುತ್ತಾರೆ. ನಾನು ಹನ್ನೊಂದು ವರ್ಷದಿಂದ ಇಲ್ಲೇ ಇದ್ದೇನೆ. ಅರವತ್ತಕ್ಕೂ ಹೆಚ್ಚು ಬ್ಯಾಚು ಆಗಿರಬೇಕು. ಮುಖಗಳು ನೆನಪಿಲ್ಲ.

ಈ ಸಲ ನನ್ನ ವಾರ್ಡಿಗೆ ಇಬ್ಬರು. ಸಿದ್ದಾರ್ಥ ಮೈಸೂರಿನವನು, ಚುರುಕು. ಇನ್ನೊಬ್ಬಳು ನಾಗಮಂಗಲದ ಆಚೆಯ ಹಳ್ಳಿಯವಳು, ರಂಜಿತ. ಕೈಯಲ್ಲಿ ಸದಾ ಒಂದು ಸಣ್ಣ ನೋಟ್‌ಬುಕ್ಕು. ಇಬ್ಬರಿಗೂ ಇದೇ ಕೊನೆಯ ಪೋಸ್ಟಿಂಗ್. ಜುಲೈ ಮೂವತ್ತೊಂದಕ್ಕೆ ಅವರ ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಯುತ್ತದೆ. ಅಷ್ಟರೊಳಗೆ ಮುಗಿಯದಿದ್ದರೆ ಈ ವರ್ಷದ ಪಿ.ಜಿ. ಸೀಟು ಸಿಕ್ಕುವುದಿಲ್ಲ. ಎಲ್ಲರ ತಲೆಯಲ್ಲೂ ಅದೇ.

ಎಂದಿನಂತೆ ನನ್ನ ನಿಯಮ ಹೇಳಿದೆ. ಕೇಸನ್ನು ಮೂರು ಸಾಲಿನಲ್ಲಿ ಹೇಳಬೇಕು: ಯಾರು, ಏನು ತೊಂದರೆ, ಬಿ.ಪಿ. ಮತ್ತು ನಾಡಿ ಎಷ್ಟು. ಮಧ್ಯಾಹ್ನ ಒಂದೂ ಮುಕ್ಕಾಲರಿಂದ ನಾಲ್ಕರವರೆಗೆ ನಾನು ಮನೆಯಲ್ಲಿರುತ್ತೇನೆ, ಬೇಕಾದರೆ ಫೋನು ಮಾಡಿ, ಚಿಕ್ಕದಾಗಿ ಹೇಳಿ. ನನ್ನನ್ನು ಕೇಳದೆ ಯಾವ ಇಂಜೆಕ್ಷನ್ನೂ ಶುರುಮಾಡಬೇಡಿ. ಸಿದ್ದಾರ್ಥ ತಲೆಯಾಡಿಸಿದ. ರಂಜಿತ ಬರೆದುಕೊಂಡಳು.

ನಿದ್ದೆ ಸರಿಯಾಗಿ ಬರುತ್ತಿಲ್ಲ, ಅದಕ್ಕೇ ಈ ಡೈರಿಯನ್ನು ಮತ್ತೆ ಶುರುಮಾಡಿದ್ದೇನೆ. ದಿನವೆಲ್ಲ ಇಂಗ್ಲಿಷಿನಲ್ಲಿ ಕೇಸ್ ಶೀಟು ಬರೆಯುವ ಕೈ ಕನ್ನಡಕ್ಕೆ ಬಂದರೆ ನಿಧಾನವಾಗುತ್ತದೆ. ಕಾನ್ವೆಂಟಿನಲ್ಲಿ ಕನ್ನಡ ನಮಗೆ ಎರಡನೇ ಭಾಷೆ. ಈ ನಿಧಾನವೇ ಹಿತವೆನಿಸುತ್ತದೆ.

ಜೂನ್ 9, ಸೋಮವಾರ

ರೌಂಡ್ಸಿನಲ್ಲಿ ಆ ಹುಡುಗಿಯನ್ನು ಬೈಯಬೇಕಾಯಿತು. ಬೈಗುಳವಲ್ಲ, ಆದರೆ ಎಲ್ಲರೆದುರಿಗೆ. ಜ್ವರದ ಮುದುಕನೊಬ್ಬನ ಕೇಸು ಹೇಳುತ್ತ, ಅವನ ಎಮ್ಮೆ ಕರು ಹಾಕಿದ್ದು, ಅವನೇ ಕರು ಎಳೆದದ್ದು, ಎಲ್ಲವನ್ನೂ ಹೇಳತೊಡಗಿದಳು.

"ರಂಜಿತ, ಇದು ಕಥೆಯಲ್ಲ. ಮೂರು ಸಾಲು."

"ಸಾರಿ ಮ್ಯಾಮ್. ಕರುವಿಂದ ಏನಾದ್ರೂ ಬಂದಿರಬಹುದಾ ಅಂತ..."

ಸಿದ್ದಾರ್ಥ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ನಾನು ಮುಂದಿನ ಹಾಸಿಗೆಗೆ ಹೋದೆ. ಆಮೇಲೆ ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳಿದೆ. ಶನಿವಾರ ಮಧ್ಯಾಹ್ನ ಒಂದೇ ಕೇಸಿಗೆ ಎರಡು ಸಲ ಫೋನು ಮಾಡಿದ್ದಳು. ಒಂದು ಕೇಸಿಗೆ ಒಂದು ಫೋನು, ಅಷ್ಟರಲ್ಲಿ ಹೇಳಲು ಕಲಿಯಬೇಕು ಎಂದೆ. ಕಲಿಸುವುದೆಂದರೆ ಅದೇ ತಾನೇ. ನನಗೂ ಹಾಗೇ ಕಲಿಸಿದ್ದರು.

ಜೂನ್ 12, ಗುರುವಾರ

ಓಪಿಡಿಯಲ್ಲಿ ನೂರ ಹನ್ನೆರಡು ಜನ. ಮನೆಗೆ ಬಂದು ಉಂಡು ಮಲಗಿದೆ. ನಡುವೆ ಒಂದೆರಡು ಫೋನು, ಬರೆಯುವಂಥದ್ದೇನಲ್ಲ. ಮೂರೂ ಮುಕ್ಕಾಲಿಗೆ ಯಶೋಧ ಸಿಸ್ಟರ್ ಕರೆದರು. "ಮೇಡಮ್, ಇದ್ದಂಗೇ ಬನ್ನಿ."

ಸ್ಟ್ರೆಚರ್ ಮೇಲೆ ಮಂಚಮ್ಮ ಎಂಬ ಹೆಂಗಸು, ನಲವತ್ತೆರಡು ವರ್ಷ, ತೊಣ್ಣೂರಿನ ಕಡೆಯ ಆಲೆಮನೆಯೊಂದರಲ್ಲಿ ಕೆಲಸ. ಕಣ್ಣು ಮುಚ್ಚಿದೆ, ಕೈಕಾಲು ಬಿದ್ದಿವೆ, ಉಸಿರು ನಿಲ್ಲುವುದರಲ್ಲಿದೆ. ರಂಜಿತ ಮುಖಕ್ಕೆ ಮಾಸ್ಕು ಒತ್ತಿ ಹಿಡಿದು ಬ್ಯಾಗು ಹಿಸುಕುತ್ತ ಉಸಿರು ಕೊಡುತ್ತಿದ್ದಳು. ಮೈಮೇಲೆ ಎಲ್ಲೂ ಗಾಯವಿಲ್ಲ, ಬಾವಿಲ್ಲ. ಬೆರಳಿನಿಂದ ರೆಪ್ಪೆ ಎತ್ತಿದರೆ ಹಾಗೇ ಬಿದ್ದುಹೋಯಿತು. ರಾತ್ರಿ ಎಲ್ಲಿ ಮಲಗಿದ್ದಳು ಎಂದು ಗಂಡ ತಮ್ಮಯ್ಯನನ್ನು ಕೇಳಿದೆ. ಆಲೆಮನೆಯಲ್ಲೇ, ಕಬ್ಬಿನ ಸಿಪ್ಪೆಯ ಪಕ್ಕ, ಬರೀ ನೆಲದ ಮೇಲೆ.

ಕಟ್ಟುಹಾವು. ಮಲಗಿದವರನ್ನು ಕಚ್ಚುತ್ತದೆ, ಗುರುತು ಉಳಿಯುವುದಿಲ್ಲ. ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಾರೆ, ಆಮೇಲೆ ರೆಪ್ಪೆ ಇಳಿಯುತ್ತದೆ, ಆಮೇಲೆ ಉಸಿರು. ವಿಷದ ಮದ್ದು ಹತ್ತು ವಯಲ್ ಹಾಕಿಸಿದೆ. ನಮ್ಮಲ್ಲಿ ವೆಂಟಿಲೇಟರ್ ಇಲ್ಲ. ಮೈಸೂರಿಗೆ ಕಳಿಸಬೇಕಾಯಿತು. ದಾರಿಯುದ್ದಕ್ಕೂ ಬ್ಯಾಗು ಒತ್ತಲು ರಂಜಿತ ಆಂಬುಲೆನ್ಸ್ ಹತ್ತಿದಳು.

ಹೊರಡುವ ಮೊದಲು ಕಾರಿಡಾರಿನಲ್ಲಿ, ಸ್ಟ್ರೆಚರ್ ಪಕ್ಕದಲ್ಲೇ, ನಮ್ಮ ಸೂಪರಿಂಟೆಂಡೆಂಟ್ ಡಾ. ಕಿಶನ್ ಕೇಳಿದರು: ಎರಡು ಗಂಟೆಗೇ ಬಂದಿದ್ದಳಂತೆ, ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ? "ನನಗೆ ಯಾರೂ ಹೇಳಲಿಲ್ಲ" ಎಂದೆ. ರಂಜಿತ ತಲೆ ಎತ್ತಿ ನೋಡಿದಳು. ಕೈ ನಿಲ್ಲಿಸಲಿಲ್ಲ.

ಏಳು ಗಂಟೆಗೆ ಫೋನು ಮಾಡಿದ್ದಳು. ವೆಂಟಿಲೇಟರಿಗೆ ಹಾಕಿದ್ದಾರೆ, ಬದುಕಿದ್ದಾರೆ. ಅಷ್ಟೇ ಹೇಳಿದಳು. ತುಂಬ ದಣಿವು.

ಜೂನ್ 13, ಶುಕ್ರವಾರ

ಮಂಚಮ್ಮನ ಕೇಸ್ ಶೀಟು ನೋಡಿದೆ. ಆ ಹುಡುಗಿಯ ಗುಂಡಗಿನ ಅಕ್ಷರ, ಒಂದೂವರೆ ಪುಟ. ಹೊಟ್ಟೆನೋವು, ಎರಡು ಸಲ ವಾಂತಿ, ನುಂಗಲು ಕಷ್ಟ. ರಾತ್ರಿ ಆಲೆಮನೆಯಲ್ಲಿ ನೆಲದ ಮೇಲೆ ಮಲಗಿದ್ದರು. ರೆಪ್ಪೆ ಇಳಿದಿದೆಯೇ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಕೆಳಗೆ: ಎರಡು ನಲವತ್ತಕ್ಕೆ ಡಾ. ಸುಮ ಅವರೊಂದಿಗೆ ಫೋನಿನಲ್ಲಿ ಚರ್ಚಿಸಲಾಗಿದೆ. ಅಂದರೆ ನನ್ನೊಂದಿಗೆ.

ಸಿಟ್ಟು ಬಂತು. ಶೀಟನ್ನು ತೆಗೆದುಕೊಂಡು ಹೋಗಿ ಕಿಶನ್ ಅವರಿಗೆ ತೋರಿಸಿದೆ.

"ಈ ಹುಡುಗರೆಲ್ಲ ಹೀಗೇ ಡಾಕ್ಟರೇ," ಎಂದರು. "ಎಡವಟ್ಟಾದ ಮೇಲೆ ಒಂದು ಸಾಲು ಸೇರಿಸ್ತಾರೆ, ಡಿಸ್ಕಸ್ಡ್ ವಿತ್ ಇಂಥೋರು ಅಂತ. ನಾವೂ ಬರೆದಿಲ್ವಾ ಆ ಕಾಲದಲ್ಲಿ? ಕಾಲೇಜಿಗೆ ರಿಪೋರ್ಟ್ ಕಳಿಸ್ತೀನಿ. ನೀವು ಮಾಹಿತಿ ಇರಲಿಲ್ಲ ಅಂತ ಒಂದು ಸಾಲು ಬರೆದುಕೊಟ್ಟರೆ ಸಾಕು."

ಹೌದು, ನಾವೂ ಬರೆದಿದ್ದೇವೆ. ಅದೇ ನೆನಪಾಗಿ ನನಗೆ ಖಾತ್ರಿಯಾಯಿತು.

ಜೂನ್ 15, ಭಾನುವಾರ

ಬರೆಯಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಇದನ್ನು ಓದುವವಳು ನಾನೊಬ್ಬಳೇ, ಆದ್ದರಿಂದ ಬರೆಯುತ್ತೇನೆ.

ಗ್ಯಾಸ್ ಬುಕ್ ಮಾಡಿದ ನಂಬರು ಹುಡುಕಲು ಫೋನಿನ ಕರೆಗಳ ಪಟ್ಟಿ ತೆರೆದಿದ್ದೆ. ಗುರುವಾರ, ಎರಡು ನಲವತ್ತೊಂದು. ರಂಜಿತ ಇಂಟರ್ನ್. ಮೂವತ್ತೆಂಟು ಸೆಕೆಂಡು. ಮಿಸ್ಡ್ ಕಾಲ್ ಅಲ್ಲ, ಮಾತಾಡಿದ್ದೇನೆ.

ಏನು ಮಾತಾಡಿದೆ? ಪ್ರಮಾಣ ಮಾಡಿ ಹೇಳುತ್ತೇನೆ, ನೆನಪಿಲ್ಲ. ಮೂವತ್ತೆಂಟು ಸೆಕೆಂಡು ಎಷ್ಟೆಂದು ಗಡಿಯಾರ ನೋಡುತ್ತ ಕೂತೆ. ಕಡಿಮೆಯೇನಲ್ಲ.

ಜೂನ್ 17, ಮಂಗಳವಾರ

ಯಶೋಧ ಸಿಸ್ಟರ್ ಇಲ್ಲಿ ನನಗಿಂತ ಹಳಬರು. ಯಾರಿಗೂ ಹೆದರುವುದಿಲ್ಲ. ಇವತ್ತು ಡ್ರೆಸ್ಸಿಂಗ್ ಟ್ರೇ ಜೋಡಿಸುತ್ತ, ನನ್ನ ಮುಖ ನೋಡದೆ ಶುರುಮಾಡಿದರು.

"ಮೇಡಮ್, ಆ ಹುಡ್ಗಿ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ಕ್ಯಾಂಟೀನಲ್ಲಿ ತಟ್ಟೆ ಮುಂದೆ ಮಡಿಕ್ಕಂಡು ಕೂತಿರ್ತಾಳೆ."

"ಅವಳು ನನಗೆ ಸರಿಯಾಗಿ ಹೇಳಬೇಕಿತ್ತು ಸಿಸ್ಟರ್."

"ಯೋಳುದ್ಲಲ್ಲ. ನಾನು ಪಕ್ಕದಲ್ಲೇ ಡ್ರಿಪ್ ಸೆಟ್ ಬಿಚ್ತಾ ಇದ್ದೆ. ಹೊಟ್ಟೆನೋವು, ವಾಂತಿ, ಬಿ.ಪಿ. ಇಷ್ಟು, ಎಲ್ಲಾ ನಿಮ್ ಲೆಕ್ಕದಂಗೇ ಯೋಳುದ್ಲು. ಆಮೇಲೆ 'ಮ್ಯಾಮ್, ಇನ್ನೊಂದು ವಿಷ್ಯ' ಅಂದ್ಲು. ಅಷ್ಟರಲ್ಲಿ ನೀವು ಫೋನ್ ಮಡಗ್ಬುಟ್ರಿ."

"ಮತ್ತೆ ಮಾಡಬಹುದಿತ್ತಲ್ಲ?"

ಆಗ ನನ್ನ ಮುಖ ನೋಡಿದರು. "ಮತ್ತೆ ಮಾಡ್ಬ್ಯಾಡ ಅಂತ ಆ ಸೋಮವಾರ ತಾನೇ ನೀವು ಯೋಳಿದ್ದು? ಮಾಡವ್ವ ಅಂತ ನಾನೂ ಅಂದೆ. ಬೈತಾರೆ ಸಿಸ್ಟರ್ ಅಂದ್ಲು. ಒಂದು ಗಂಟೆ ಆ ಹೆಂಗ್ಸಿನ ಪಕ್ಕದಲ್ಲೇ ಕೂತು ಕಣ್ಣು ಬುಡಿಸಿ ಬುಡಿಸಿ ನೋಡ್ತಿದ್ಲು. ಏನೋ ಅನುಮಾನ ಅವಳ್ಗೆ. ನಿಮ್ಮ ಬಾಯಿಂದ ಬರ್ದೆ ಆ ಮದ್ದು ಹಾಕಂಗಿಲ್ಲ, ಅಲ್ವ್ರಾ?"

ಹೌದು. ಅದು ನನ್ನದೇ ನಿಯಮ.

ಈಗ ಏನೋ ನೆನಪಾದಂತಿದೆ. ಫ್ಯಾನು ತಿರುಗುತ್ತಿತ್ತು. ಕಣ್ಣು ಮುಚ್ಚಿಕೊಂಡೇ "ಗ್ಯಾಸ್ಟ್ರಿಕ್ಕಿಗೆ ಪ್ಯಾಂಟಾಪ್ ಕೊಡು, ಡ್ರಿಪ್ ಹಾಕು, ನಾಲ್ಕಕ್ಕೆ ನೋಡ್ತೀನಿ" ಎಂದಿದ್ದೆ. ಇದು ನಿಜವಾಗಿ ನೆನಪಾದದ್ದೋ, ಯಶೋಧ ಹೇಳಿದ್ದನ್ನು ಕೇಳಿ ನಾನೇ ಕಟ್ಟಿಕೊಂಡದ್ದೋ? ದಿನಕ್ಕೆ ಹತ್ತು ಸಲ ಆಡುವ ಮಾತು ಅದು. ಯಾವ ದಿನದ್ದು ಬೇಕಾದರೂ ಆಗಿರಬಹುದು.

ಜೂನ್ 18, ಬುಧವಾರ

ಮಧ್ಯಾಹ್ನ ಮನೆಗೆ ಹೋಗಲಿಲ್ಲ. ಬಿಸಿಲು ಜೋರಿತ್ತು.

ಜೂನ್ 21, ಶನಿವಾರ

ತಮ್ಮಯ್ಯ ಕಾಗದಪತ್ರಕ್ಕೆ ಬಂದಿದ್ದ. ಹೆಂಡತಿಗೆ ವೆಂಟಿಲೇಟರ್ ತೆಗೆದಿದ್ದಾರಂತೆ. ನಾನು ಜಗಳ ನಿರೀಕ್ಷಿಸಿದ್ದೆ. ಅವನು ಕೈ ಮುಗಿದ.

"ಆ ಡಾಕ್ಟ್ರು ಹುಡ್ಗಿ ಇದ್ಯಾ ಮೇಡಮ್ಮೋರೆ? ಮೈಸೂರ್ಗಂಟ ಕೈ ಬುಡ್ನಿಲ್ಲ ಕಣಿ ಅದು. ಡ್ರೈವರ್ ಯೋಳ್ದ, ಸ್ವಲ್ಪ ಹೊತ್ತು ಗಂಡನ್ ಕೈಗೆ ಕೊಡಮ್ಮ, ಸುದಾರಿಸ್ಕೊ ಅಂತ. ಇವ್ರಿಗೆ ಎಣಿಕೆ ತಪ್ತದೆ ಅಂದ್ಬುಡ್ತು."

ರಂಜಿತ ಲ್ಯಾಬಿನಲ್ಲಿದ್ದಳು. ಕರೆಸಲೇ ಎಂದೆ. "ಬ್ಯಾಡಿ ಬುಡಿ, ಕೆಲ್ಸ ಮಾಡ್ಕಳ್ಳಿ" ಎಂದು ಒಂದು ಅಚ್ಚು ಬೆಲ್ಲ ಮೇಜಿನ ಮೇಲಿಟ್ಟು ಹೋದ. ಪೇಪರಿನಲ್ಲಿ ಸುತ್ತಿದ್ದ. ಅವಳಿಗೆ ಕೊಟ್ಟೆ. ಯಾರು ಕೊಟ್ಟರೆಂದು ಹೇಳಿದೆ. ತೆಗೆದುಕೊಂಡು, "ಹೂಂ ಮ್ಯಾಮ್" ಎಂದಳು. ಈಚೆಗೆ ಅವಳು ನನ್ನ ಜೊತೆ ಮೂರು ಸಾಲೂ ಮಾತಾಡುವುದಿಲ್ಲ. ಕೇಸು ಹೇಳುವಾಗ ಕಾಗದ ನೋಡಿ ಓದುತ್ತಾಳೆ. ಗ್ಯಾಸ್ಟ್ರಿಕ್ ಬಂದರೂ ಮೈಸೂರಿಗೆ ಕಳಿಸಲೇ ಎನ್ನುತ್ತಾಳೆ. ಹೀಗಾದರೆ ಇವಳು ಎಂಥ ಡಾಕ್ಟರಾಗುತ್ತಾಳೆ?

ಆ ಪ್ರಶ್ನೆ ಬರೆದ ಮೇಲೆ ಓದಿದೆ. ಅದನ್ನು ಕೇಳಬೇಕಾದದ್ದು ಅವಳನ್ನಲ್ಲ.

ಜೂನ್ 24, ಮಂಗಳವಾರ

ರಜೆ ಹಾಕಿ ಮೈಸೂರಿಗೆ ಹೋದೆ. ಶ್ರೀರಂಗಪಟ್ಟಣದಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ವಾಪಸು ಹೋಗಿಬಿಡೋಣ ಎಂದು ಎರಡು ಸಲ ಅನಿಸಿತು. ಏನೆಂದು ಹೇಳಿಕೊಳ್ಳಲಿ? ರೋಗಿಯನ್ನು ನೋಡಲು ಬಂದ ಡಾಕ್ಟರು ಎಂದರೆ ಸುಳ್ಳಲ್ಲ. ನಿಜವೂ ಅಲ್ಲ.

ಮಂಚಮ್ಮ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದಳು. ಗಂಟಲಿಗೆ ಪೈಪು ಹಾಕಿದ್ದರಿಂದ ದನಿ ಒಡೆದಿತ್ತು. ಪಕ್ಕದ ಸ್ಟೂಲಿನಲ್ಲಿ ಕೂತೆ. ಪಾಂಡವಪುರದಿಂದ ಬಂದಿದ್ದೇನೆ, ಹೇಗಿದ್ದೀರಿ ಎಂದೆ. ಗಂಜಿಯ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು.

"ನಿಮ್ ಮುಖ ನೋಡಿಲ್ಲ ಕಣವ್ವ. ದನಿ ಕೇಳಿದ್ದೀನಿ."

"ಎಲ್ಲಿ?"

"ಅವತ್ತು. ಗಾಡಿಗೆ ಹತ್ಸಕೆ ಮುಂಚೆ. ಕಣ್ಣು ತಾನೇ ಮುಚ್ಚಿದ್ದು, ಕಿವಿ ಎಲ್ಲೋಗಿತ್ತು? ಒಂದೊಂದು ಮಾತೂ ಕೇಳುಸ್ತಿತ್ತು. ಕೂಗ್ಕಂಡೇನು ಅಂದ್ರೆ ನಾಲ್ಗೆ ಏಳಾಕಿಲ್ಲ, ಬೆರಳು ಆಡಾಕಿಲ್ಲ. ಸತ್ತೋಳು ಅಂದ್ಕಂಡು ಎಲ್ರೂ ನನ್ ತಲೆ ಮೇಲೇ ನಿಂತ್ಕಂಡು ಮಾತಾಡೋರು."

ನನಗೆ ಇದು ಗೊತ್ತಿರಬೇಕಿತ್ತು. ಪುಸ್ತಕದಲ್ಲಿದೆ. ಈ ವಿಷದಲ್ಲಿ ಮೈ ಸೋಲುತ್ತದೆ, ಎಚ್ಚರ ಹೋಗುವುದಿಲ್ಲ. ಎಷ್ಟೋ ಬ್ಯಾಚಿಗೆ ನಾನೇ ಪಾಠ ಮಾಡಿದ್ದೇನೆ.

"ಏನು ಕೇಳಿಸಿತು?" ಎಂದೆ. ಕೇಳದೆ ಇರಲಾಗಲಿಲ್ಲ.

"ಆ ಹುಡ್ಗಿ ಫೋನಲ್ಲಿ, ಇನ್ನೊಂದು ಯೋಳ್ಬೇಕು ಮೇಡಮ್ ಅನ್ತಿದ್ದುದ್ ಕೇಳುಸ್ತು. ರೆಪ್ಪೆ ಏಳ್ತಿಲ್ಲ ಕಣವ್ವ ಅಂತ ನಾನೇ ಅವಳ್ಗೆ ಯೋಳಿದ್ದೆ ಆಗ್ಲೇ. ಆಮೇಲೆ ಯಾರೋ ಗಂಡ್ಸು ಬೈದ್ರು. ಯಾರೂ ಯೋಳ್ನಿಲ್ಲ ನಂಗೆ ಅಂತ ನೀವು ಅಂದ್ರಿ."

ಲೋಟ ಎತ್ತಿಕೊಂಡು ಮತ್ತೆ ಒಂದು ಗುಟುಕು ಕುಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಕೇಳಿಸಿಕೊಂಡ ಯಾರದೋ ಜಗಳ ಹೇಳುವಂತೆ ಹೇಳಿದಳು.

"ಗಾಡೀಲಿ ಅದು ಎಣುಸ್ತಾ ಕೂತಿತ್ತು. ಒಂದು, ಎಲ್ಡು, ಮೂರು, ಒತ್ತದು. ಒಂದು, ಎಲ್ಡು, ಮೂರು, ಒತ್ತದು. ನಡುನಡುವೆ, ಸಾಯ್ಬ್ಯಾಡಿ ಅಮ್ಮ, ಸತ್ರೆ ನಾನ್ ಕೆಟ್ಟೆ ಅನ್ನದು. ನಂಗೆ ಒಳಗೇ ನಗು. ನಾನ್ ಸತ್ರೆ ಕೆಡೋಳು ನಾನಲ್ವೇನೆ ಅಂತ." ನಗಲು ಹೋಗಿ ಕೆಮ್ಮಿದಳು. "ಅದುಕ್ಕೇನಾರ ತೊಂದ್ರೆ ಮಾಡಿದ್ರಾ?"

"ಇನ್ನೂ ಇಲ್ಲ" ಎಂದೆ.

"ಮಾಡ್ಬ್ಯಾಡಿ."

ಕ್ಷಮೆ ಕೇಳಬೇಕೆಂದು ಹೋಗಿದ್ದೆನೋ ಏನೋ. ಕೇಳಲಿಲ್ಲ. ಬಾಯಿ ತೆರೆದಾಗ ಬಂದದ್ದು, ಗಂಜಿಗೆ ಉಪ್ಪು ಕಡಿಮೆ ಹಾಕಿಸಿ ಎಂಬ ಮಾತು.

ಜೂನ್ 26, ಗುರುವಾರ

ಕಾಲೇಜಿನಿಂದ ಪತ್ರ. ರಂಜಿತಳ ಇಂಟರ್ನ್‌ಶಿಪ್ಪನ್ನು ಮೂರು ತಿಂಗಳು ವಿಸ್ತರಿಸುವ ಪ್ರಸ್ತಾವವಿದೆ. ಕಾರಣ: ಮೇಲ್ವಿಚಾರಕರಿಗೆ ತಿಳಿಸದಿರುವುದು, ಕೇಸ್ ಶೀಟಿನಲ್ಲಿ ಸುಳ್ಳು ದಾಖಲೆ. ಮೇಲ್ವಿಚಾರಕರ ಹೇಳಿಕೆ ಜುಲೈ ಒಂದರೊಳಗೆ ತಲುಪಬೇಕು. ಕಿಶನ್ ಕೇಳಿದ್ದ ಆ ಒಂದು ಸಾಲನ್ನು ನಾನಿನ್ನೂ ಬರೆದುಕೊಟ್ಟಿಲ್ಲ. ಮೂರು ತಿಂಗಳೆಂದರೆ ಅಕ್ಟೋಬರ್. ಅಂದರೆ ಒಂದು ವರ್ಷ ಹೋಯಿತು. 'ಸುಳ್ಳು ದಾಖಲೆ' ಎಂಬುದು ಅವಳ ಫೈಲಿನಲ್ಲಿ ಎಂದೆಂದಿಗೂ ಉಳಿಯುತ್ತದೆ.

ಮಧ್ಯಾಹ್ನ ವಾರ್ಡಿನಲ್ಲೇ ಇದ್ದೆ. ಸ್ಕೂಟರಿನ ಟೈರು ಪಂಕ್ಚರ್. ಸಿದ್ದಾರ್ಥ ತನ್ನ ಚಿತ್ರಾನ್ನದಲ್ಲಿ ಅರ್ಧ ಕೊಟ್ಟ. ಎಮ್ಮೆ ಕರು ಎಳೆದಿದ್ದ ಮುದುಕನಿಗೆ ಇನ್ನೂ ಜ್ವರ ಬಿಟ್ಟಿಲ್ಲ. ದನಕರುವಿನಿಂದ ಬರುವ ಜ್ವರವೊಂದಿದೆ, ಅದರ ರಕ್ತಪರೀಕ್ಷೆ ಮಾಡಿಸಿದ್ದೆ. ಇವತ್ತು ಪಾಸಿಟಿವ್ ಬಂತು. ರಂಜಿತ ಅದನ್ನು ಎರಡು ವಾರದ ಹಿಂದೆಯೇ ಹೇಳಲು ಹೊರಟಿದ್ದಳು. ರಿಪೋರ್ಟು ಅವಳ ಕೈಗೆ ಕೊಟ್ಟು "ನೀನು ಹೇಳಿದ್ದು ಸರಿ" ಎಂದೆ. ಉಳಿದ ರಿಪೋರ್ಟುಗಳ ಹಾಗೆಯೇ ಅದನ್ನೂ ಫೈಲಿಗೆ ಸೇರಿಸಿದಳು.

ಜೂನ್ 28, ಶನಿವಾರ

ಕುಮಾರ್‌ಗೆ ಎಲ್ಲವನ್ನೂ ಹೇಳಿದೆ. ಮದುವೆಯಾಗಿ ಇಪ್ಪತ್ತು ವರ್ಷ, ಅವರು ಯಾವತ್ತೂ ದನಿ ಏರಿಸುವವರಲ್ಲ. ಪೂರ್ತಿ ಕೇಳಿಸಿಕೊಂಡು, "ಬರೆಯೋ ಮುಂಚೆ ವಕೀಲರಿಗೆ ತೋರಿಸು. ನೆನಪಿಲ್ಲ ಅಂತ ಬರಿ. ಸುಳ್ಳೇನಲ್ಲವಲ್ಲ" ಎಂದರು.

ಕಿಶನ್ ಕೂಡ ಫೋನಿನಲ್ಲಿ ಅದನ್ನೇ ಹೇಳಿದರು. "ಅವಳು ತಿಂಗಳಾದರೆ ಹೋಗೋಳು. ನಾವು ಇಲ್ಲೇ ಇರೋರು. ಆ ಹೆಂಗಸಿನ ಕಡೆಯವರು ನಾಳೆ ಕೇಸ್ ಹಾಕಿದರೆ ನಿಮ್ಮ ಕಾಗದವನ್ನೇ ಮೊದಲು ಕೇಳ್ತಾರೆ."

ನೆನಪಿಲ್ಲ ಎಂದು ಬರೆದೆ. ಇಂಗ್ಲಿಷಿನಲ್ಲಿ ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ನಾಚಿಕೆಯಾಯಿತು. ಐದು ಸಾಲು, ಎಲ್ಲವೂ ನಿಜ, ಒಂದರಲ್ಲೂ ನಾನಿಲ್ಲ.

ಅವಳದೂ ತಪ್ಪಿಲ್ಲವೇ? ಇದೆ. ನಾನು ಬೈದರೂ ಸರಿ ಎಂದು ಮತ್ತೆ ಫೋನು ಮಾಡಬೇಕಿತ್ತು. ಕಿಶನ್‌ಗೆ ಮಾಡಬಹುದಿತ್ತು. ಕಲಿಯುವವಳು, ಇಪ್ಪತ್ತನಾಲ್ಕು ವರ್ಷ, ನನ್ನ ಸಹಿ ಬೇಕಾದವಳು. ಅಷ್ಟು ಧೈರ್ಯ ಆ ವಯಸ್ಸಿನಲ್ಲಿ ನನಗಿತ್ತೇ? ಇರಲಿಲ್ಲ. ಎಷ್ಟು ಯೋಚಿಸಿದರೂ ಹಾಗೆ ಎದುರಾಡಿದ ಒಂದು ಸಲವೂ ನೆನಪಾಗುತ್ತಿಲ್ಲ.

ಜೂನ್ 30, ಸೋಮವಾರ

ಕಳಿಸಿದೆ. ವಕೀಲರಿಗೆ ತೋರಿಸಲಿಲ್ಲ. ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ತಿರುಗಿಸಿದೆ. ಹೀಗಿದೆ:

'ಜೂನ್ 12ರಂದು ಎರಡು ನಲವತ್ತೊಂದಕ್ಕೆ ಡಾ. ರಂಜಿತ ನನಗೆ ಫೋನು ಮಾಡಿದ್ದರು. ಕೇಸ್ ಶೀಟಿನಲ್ಲಿ ಅವರು ಬರೆದದ್ದು ನಿಜ. ಅವರು ಹೇಳಿ ಮುಗಿಸುವ ಮೊದಲು ನಾನು ಫೋನು ಇಟ್ಟೆ. ಒಂದು ಕೇಸಿಗೆ ಎರಡನೇ ಸಲ ಫೋನು ಮಾಡಬಾರದೆಂದು ಅದಕ್ಕೆ ಮೂರು ದಿನ ಮೊದಲು ನಾನೇ ಹೇಳಿದ್ದೆ. ನನಗೆ ಯಾರೂ ತಿಳಿಸಲಿಲ್ಲ ಎಂದು ಆ ದಿನ ನಾನು ಆಡಿದ ಮಾತು ತಪ್ಪು. ಕರೆಗಳ ಪಟ್ಟಿಯ ಚಿತ್ರ ಲಗತ್ತಿಸಿದ್ದೇನೆ.'

ರೋಗಿಗೂ ಇದನ್ನು ತಿಳಿಸಬೇಕೆನಿಸಿತು. ತಮ್ಮಯ್ಯನಿಗೆ ಫೋನು ಮಾಡಿ ಓದಿ ಹೇಳಿದೆ. ಎಲ್ಲ ಕೇಳಿ, "ನಮ್ಮೋಳು ಆಗ್ಲೇ ಯೋಳಿದ್ಲು ಬುಡಿ ಮೇಡಮ್ಮೋರೆ" ಎಂದ. ಆಮೇಲೆ, "ಕೇಸ್ಗೀಸು ಹಾಕದೋ ಬ್ಯಾಡ್ವೋ ನಮ್ ಹುಡುಗ್ರುನ್ ಕೇಳ್ಬೇಕು" ಎಂದ. ಕೇಳಿ ಎಂದೆ.

ಜುಲೈ 8, ಮಂಗಳವಾರ

ಕಿಶನ್ ಬೆಳಿಗ್ಗೆ ಕರೆದು ಕಾಲೇಜಿನ ಉತ್ತರ ತೋರಿಸಿದರು. ರಂಜಿತಳ ಮೇಲಿನ ಪ್ರಸ್ತಾವ ಕೈಬಿಡಲಾಗಿದೆ. ಅವಳು ಮೂವತ್ತೊಂದಕ್ಕೆ ಮುಗಿಸುತ್ತಾಳೆ. ಎರಡನೇ ಪ್ಯಾರಾದಲ್ಲಿ, ಮುಂದಿನ ಬ್ಯಾಚಿನಿಂದ ಡಾ. ಸುಮ ಅವರ ಮೇಲ್ವಿಚಾರಣೆಗೆ ಇಂಟರ್ನ್‌ಗಳನ್ನು ನಿಯೋಜಿಸುವುದಿಲ್ಲ. ಟ್ರಸ್ಟಿನಿಂದ ನನಗೊಂದು ನೋಟಿಸು, ಏಳು ದಿನದಲ್ಲಿ ಉತ್ತರ ಕೊಡಬೇಕು.

"ಬೇಡ ಅಂದ್ರೂ ಕೇಳಲಿಲ್ಲ ನೀವು," ಎಂದರು ಕಿಶನ್. "ಇನ್ನು ಮಧ್ಯಾಹ್ನ ವಾರ್ಡು ಯಾರು ನೋಡ್ತಾರೆ ಹೇಳಿ? ನನ್ನ ಹತ್ರ ಜನ ಇಲ್ಲ."

ನೋಡೋಣ ಎಂದೆ. ದಣಿವು ಬಿಟ್ಟರೆ ಇನ್ನೇನೂ ಅನ್ನಿಸಲಿಲ್ಲ.

ಜುಲೈ 31, ಗುರುವಾರ

ರಂಜಿತ ಸಹಿಗೆ ಬಂದಿದ್ದಳು. ಮೇಲ್ವಿಚಾರಕರ ಅಭಿಪ್ರಾಯದ ಜಾಗದಲ್ಲಿ ನಾನು ಸಾಮಾನ್ಯವಾಗಿ 'ಉತ್ತಮ' ಎಂದು ಬರೆಯುತ್ತೇನೆ. ಇವತ್ತು ಜಾಗ ಸಾಲದೆ ಅಂಚಿನಲ್ಲೂ ಬರೆದೆ. ಅವಳು ತಲೆಕೆಳಗಾಗಿ ಓದಲು ಯತ್ನಿಸುತ್ತಿದ್ದಳು.

"ನಿಮಗೆ ಥ್ಯಾಂಕ್ಸ್ ಹೇಳಬೇಕಾ ಬೇಡ್ವಾ ಗೊತ್ತಾಗ್ತಿಲ್ಲ ಮ್ಯಾಮ್," ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ಗೊತ್ತಾಗದವಳಂತೆ. "ಎಲ್ಲರೂ ಹೇಳು ಅಂತಾರೆ. ಅಮ್ಮ ಹಣ್ಣು ಕಳಿಸಿದ್ದಾಳೆ. ಆದರೆ ನೀವು ಬರೆದದ್ದು ನಡೆದದ್ದನ್ನೇ ತಾನೇ?"

"ಹೌದು. ಹೇಳಬೇಕಾಗಿಲ್ಲ."

"ಹದಿನೆಂಟು ದಿನ ಆಯ್ತು ಮ್ಯಾಮ್ ನೀವು ಬರೆಯೋಕೆ. ನಾನು ಎಣಿಸ್ತಿದ್ದೆ."

ಸಹಿ ಹಾಕಿ ಕಾಗದವನ್ನು ಅವಳತ್ತ ತಳ್ಳಿದೆ. ಬಾಳೆಹಣ್ಣಿನ ಚಿಪ್ಪನ್ನು ಮೇಜಿನ ಮೇಲಿಟ್ಟು, ಬಾಗಿಲವರೆಗೆ ಹೋದವಳು ನಿಂತಳು. "ಏಳನೇ ಹಾಸಿಗೆಯವರು ರಾತ್ರಿಯೆಲ್ಲ ಕೂತೇ ಇದ್ದರಂತೆ, ಮಲಗಿದರೆ ಉಸಿರು ಕಟ್ಟುತ್ತಂತೆ. ಮಗನಿಗೆ ಗೊತ್ತಾಗಬಾರದು ಅಂತ ನನಗೊಬ್ಬಳಿಗೇ ಹೇಳಿದ್ದು. ಸ್ವಲ್ಪ ನೋಡ್ಕೊಳ್ಳಿ" ಎಂದು ಹೋದಳು. ಏಳನೇ ಹಾಸಿಗೆಗೆ ಹೋಗಿ ನೋಡಿದೆ. ಹೃದಯದ ತೊಂದರೆ. ಮಾತ್ರೆ ಬದಲಿಸಿದೆ.

ಆಗಸ್ಟ್ 5, ಮಂಗಳವಾರ

ಹೊಸ ಬ್ಯಾಚು ಬೇರೆ ವಿಭಾಗಗಳಿಗೆ ಹಂಚಿಹೋಗಿದೆ. ನನ್ನ ವಾರ್ಡಿನಲ್ಲಿ ನಾನು ಮತ್ತು ಯಶೋಧ. ರಕ್ತ ತೆಗೆಯುವುದು, ಶೀಟು ಬರೆಯುವುದು, ಲ್ಯಾಬಿಗೆ ಓಡುವುದು, ಎಲ್ಲ ನಾವೇ. ಬೆಳಿಗ್ಗೆ ಒಬ್ಬಳಿಗೆ ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ. "ಇತ್ಲಾಗ್ ಕೊಡಿ ಮೇಡಮ್, ಕೈ ಮರ್ತೋಗದೆ ನಿಮ್ಗೆ" ಎಂದು ಯಶೋಧ ಸೂಜಿ ಕಿತ್ತುಕೊಂಡರು. ಒಂದೇ ಸಲಕ್ಕೆ ಹಾಕಿದರು. ಮಂಚಮ್ಮನ ಕಡೆಯವರಿಂದ ಇನ್ನೂ ಏನೂ ಬಂದಿಲ್ಲ. ಬರಬಹುದು.

ಮಧ್ಯಾಹ್ನ ಎರಡೂವರೆಗೆ ಕೆ.ಆರ್. ಪೇಟೆ ರಸ್ತೆಯ ಹಳ್ಳಿಯೊಂದರಿಂದ ಚೆಲುವಯ್ಯ ಎಂಬ ಮುದುಕ ಬಂದ. ತಲೆ ತಿರುಗುತ್ತದೆ ಎಂದ. ಶೀಟು ನಾನೇ ಬರೆಯಬೇಕಾದ್ದರಿಂದ ಸ್ಟೂಲು ಎಳೆದುಕೊಂಡು ಕೂತೆ. ಯಾವಾಗಿನಿಂದ, ಎದ್ದಾಗಲೋ ಮಲಗಿದಾಗಲೋ, ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳುತ್ತ ಹೋದೆ. ಮಾತ್ರೆ ಎಂದರೆ ಅವನು ಹೆಂಡತಿಯ ವಿಷಯ ತೆಗೆದ. ಅವಳಿಗೂ ಬಿ.ಪಿ.ಯಂತೆ. ಇಬ್ಬರ ಮಾತ್ರೆಯೂ ಒಂದೇ ಡಬ್ಬಿಯಲ್ಲಿ. ಹೋದ ತಿಂಗಳು ಅವಳು ಮಗಳ ಮನೆಗೆ ಹೋಗುವಾಗ ಡಬ್ಬಿ ಇವನ ಹತ್ತಿರ ಬಿಟ್ಟುಹೋದಳಂತೆ. ದುಡ್ಡು ಕೊಟ್ಟು ತಂದದ್ದು, ಯಾಕೆ ಹಾಳಾಗಬೇಕು ಎಂದು ಅವಳ ಪಾಲಿನದನ್ನೂ ಇವನೇ ನುಂಗುತ್ತಿದ್ದಾನೆ. ಇದಿಷ್ಟು ಹೊರಬರಲು ಇಪ್ಪತ್ತು ನಿಮಿಷ ಹಿಡಿಯಿತು. ಎಲ್ಲವನ್ನೂ ಬರೆದುಕೊಂಡೆ.

ಅವನು ಸ್ವಲ್ಪ ಹೊತ್ತು ನನ್ನ ಪೆನ್ನನ್ನೇ ನೋಡುತ್ತಿದ್ದು, ಕೇಳಿದ: "ಹೊಸ್ದಾಗಿ ಬಂದಿದ್ದೀಯೇನವ್ವ? ದೊಡ್ಡ ಡಾಕ್ಟ್ರು ಯಾವಾಗ ಬತ್ತಾರೆ?"

ಯಶೋಧ ಹಿಂದಿನಿಂದ, "ಇವ್ರೇ ಕಣಜ್ಜ ದೊಡ್ಡ ಡಾಕ್ಟ್ರು" ಎಂದರು.

ಅವನು ನಂಬಲಿಲ್ಲ. "ಇರ್ಲಿ ಬುಡಿ, ಕಾಯ್ತೀನಿ" ಎಂದ.

ಕನ್ನಡಿಯಲ್ಲಿ ನೋಡಿಕೊಂಡರೆ ಅರ್ಧ ತಲೆ ನರೆತಿದೆ, ಅವನಿಗೆ ಯಾಕೆ ಹಾಗನ್ನಿಸಿತೋ. ಕಣ್ಣು ಮಂದವಿರಬೇಕು, ನಾಳೆ ಅದನ್ನೂ ಪರೀಕ್ಷಿಸಬೇಕು. ಮಾತ್ರೆ ನಿಲ್ಲಿಸಿದ್ದೇನೆ. ತೀರ ಇಳಿದಿದ್ದ ಬಿ.ಪಿ. ಸಂಜೆಗೆ ನೂರ ಹತ್ತಕ್ಕೆ ಬಂದಿತ್ತು. ನಿದ್ದೆ ಎಳೆಯುತ್ತಿದೆ.